ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ: ನೋವುಮದ್ದುಗಳ ಒಂದು ಚರಿತ್ರೆ

ನಮ್ಮ ದಂಡಿನಶಿವರದ ಸುತ್ತಿನಲ್ಲಿ ಹಬ್ಬದೂಟವೆಂದರೆ ಗಸಗಸೆ ಪಾಯಸವಿರಬೇಕೆಂಬ ಮನೆಗಳು ಈಗಲೂ ಉಂಟು. ತೆಂಗಿನ ಸೀಮೆಯಾದ ಕಾರಣ ಕಾಯಿಗೆ ಕೊರತೆಯಿಲ್ಲ. ಹುರಿದ ಗಸಗಸೆ, ನೆನೆಸಿದ ಅಕ್ಕಿ, ಕಾಯಿತುರಿ ಇವನ್ನು ನುಣ್ಣಗೆ ಅರೆದು, ಬೆಲ್ಲದೊಡನೆ ಕುದಿಸಿ, ಏಲಕ್ಕಿ ಹಾಕಿ ಇಳಿಸಿದರೆ ಆಯಿತು. ಉಂಡವರು ಮಧ್ಯಾಹ್ನ ಜಗಲಿಯ ಮೇಲೆ ತೂಕಡಿಸಿದರೆ "ಗಸಗಸೆ ಕೆಲಸ ಮಾಡ್ತು ನೋಡಿ" ಎಂದು ಹಾಸ್ಯ ಮಾಡುವುದು ಹಳೆಯ ವಾಡಿಕೆ. ನಿಜ ಹೇಳಬೇಕೆಂದರೆ ಆ ನಿದ್ದೆ ಹೊಟ್ಟೆ ತುಂಬಿದ್ದರ ಫಲ. ಅಡಿಗೆಗೆ ಬಳಸುವ ಬೀಜದಲ್ಲಿ ಅಮಲೇರಿಸುವಷ್ಟು ಸತ್ತ್ವವಿರುವುದಿಲ್ಲ. ಆದರೆ ಆ ಬೀಜವನ್ನು ಒಡಲಲ್ಲಿಟ್ಟುಕೊಂಡ ಕಾಯಿಯ ಕಥೆ ಬೇರೆ. ಅದು ಬಲಿತು ಒಣಗುವ ಮುನ್ನ ಹಸಿರು ಸಿಪ್ಪೆಯನ್ನು ಗೀರಿದರೆ ಹಾಲು ಒಸರುತ್ತದೆ. ಗಾಳಿಗೆ ಒಣಗಿ ಕಂದುಬಣ್ಣದ ಅಂಟಾಗುತ್ತದೆ. ಅದೇ ಅಫೀಮು. ಸಂಸ್ಕೃತದಲ್ಲಿ ಅದಕ್ಕೆ 'ಅಹಿಫೇನ', ಎಂದರೆ ಹಾವಿನ ನೊರೆ, ಎಂಬ ಹೆಸರಿದೆ. ದುಬೈಯಲ್ಲಿರುವ ಮಕ್ಕಳ ಮನೆಗೆ ಹೊರಟ ತಂದೆತಾಯಂದಿರು ಪೆಟ್ಟಿಗೆಯಲ್ಲಿ ಗಸಗಸೆಯ ಪೊಟ್ಟಣ ಇಟ್ಟುಕೊಳ್ಳಬಾರದೆಂದು ತಿಳಿದವರು ಎಚ್ಚರಿಸುವುದು ಈ ಸಂಬಂಧದಿಂದಲೇ. ಆ ದೇಶದಲ್ಲಿ ಬೀಜಕ್ಕೂ ನಿಷೇಧವಿದೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಚರಿತ್ರೆ ಪಾಠ ಹೇಳಿದವನು ನಾನು. 1839ರಿಂದ 1842ರವರೆಗೆ ನಡೆದ ಅಫೀಮು ಯುದ್ಧದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ನಮ್ಮ ದೇಶದ ಹೊಲಗಳಲ್ಲಿ ಬೆಳೆದ ಅಫೀಮನ್ನು ಚೀನಾದ ಜನರ ಮೇಲೆ ಹೇರಿ ಬ್ರಿಟಿಷರು ಚಹಾದ ಸಾಲ ತೀರಿಸಿಕೊಂಡರು ಎಂದು ಹೇಳಿದಾಗ ಮಕ್ಕಳು ಬೆರಗಾಗುತ್ತಿದ್ದರು. ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಫೀಮಿನ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲವೆಂಬುದು ನಿವೃತ್ತಿಯ ನಂತರ ಪತ್ರಿಕೆಗಳನ್ನು ಬಿಡುವಾಗಿ ಓದುವಾಗ ಮನಸ್ಸಿಗೆ ಬರತೊಡಗಿತು. 'ಟಪೆಂಟಡಾಲ್' ಎಂಬ ನೋವಿನ ಮಾತ್ರೆಗಳನ್ನು ಚೀಟಿಯಿಲ್ಲದೆ ಮಾರಿದ್ದಕ್ಕಾಗಿ ಬಂಧನ, ಮಾತ್ರೆಯನ್ನು ಅರೆದು ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುತ್ತಿದ್ದ ಹುಡುಗರು, ಇಂತಹ ಸುದ್ದಿಗಳು ಕೆಲವು ವರ್ಷಗಳಿಂದ ನಮ್ಮ ರಾಜ್ಯದ ಊರುಗಳಿಂದಲೂ ಬರುತ್ತಿವೆ. ಗಿಡವೇ ಇಲ್ಲದೆ, ಹೊಲವೇ ಇಲ್ಲದೆ, ಪ್ರಯೋಗಶಾಲೆಯಲ್ಲಿ ಹುಟ್ಟಿದ ಅಫೀಮು ಇದು. ಇದರ ವಂಶಾವಳಿಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ಔಷಧದ ವಿಚಾರದಲ್ಲಿ ವೈದ್ಯರ ಮಾತೇ ಕೊನೆಯ ಮಾತೆಂದು ಓದುಗರು ತಿಳಿಯಬೇಕು.

1805ರ ಸುಮಾರಿಗೆ ಜರ್ಮನಿಯ ಪಾಡರ್‌ಬಾರ್ನ್ ಎಂಬ ಪಟ್ಟಣದ ಔಷಧದಂಗಡಿಯಲ್ಲಿ ಸಹಾಯಕನಾಗಿದ್ದ ಸೆರ್ಟ್ಯೂರ್ನರ್ ಎಂಬ ತರುಣ ಅಫೀಮಿನಿಂದ ಅದರ ಸಾರವನ್ನು ಬೇರ್ಪಡಿಸಿದ. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರನ್ನು ಅದಕ್ಕಿಟ್ಟ. ಅದೇ ಮಾರ್ಫೀನ್. ಸಸ್ಯವೊಂದರ ಗುಣವನ್ನು ಹೀಗೆ ಶುದ್ಧ ಹರಳಾಗಿ ಹೊರತೆಗೆದದ್ದು ಔಷಧಶಾಸ್ತ್ರದಲ್ಲಿ ಹೊಸ ಯುಗಕ್ಕೆ ನಾಂದಿಯಾಯಿತು. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರಿಗೆ ಮಾರ್ಫೀನ್ ಸಂಜೀವಿನಿಯಂತೆ ಒದಗಿತು. ಆದರೆ ನೋವು ಹೋದ ಮೇಲೂ ಮದ್ದು ಬೇಕೆಂಬ ಹಂಬಲ ಹಲವರಲ್ಲಿ ಉಳಿಯಿತು. ಅಂದಿನಿಂದ ವೈದ್ಯರ, ರಸಾಯನಶಾಸ್ತ್ರಜ್ಞರ ಕನಸು ಒಂದೇ ಆಯಿತು: ನೋವನ್ನು ಕಳೆಯಬೇಕು, ಚಟವನ್ನು ಹತ್ತಿಸಬಾರದು. ಅಂತಹ ಮದ್ದಿನ ಬೇಟೆಯೇ ಮುಂದಿನ ಇನ್ನೂರು ವರ್ಷಗಳ ಕಥೆ.

ಬೇಟೆಯಲ್ಲಿ ಮೊದಲು ಸಿಕ್ಕಿದ್ದೇನೆಂದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. 1874ರಲ್ಲಿ ಲಂಡನ್ನಿನ ಆಲ್ಡರ್ ರೈಟ್ ಎಂಬ ರಸಾಯನಶಾಸ್ತ್ರಜ್ಞ ಮಾರ್ಫೀನಿನ ಅಣುವಿಗೆ ಸಣ್ಣದೊಂದು ಮಾರ್ಪಾಡು ಮಾಡಿದ್ದ. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಅದೇ ವಸ್ತುವನ್ನು ಕೆಮ್ಮಿನ ಮದ್ದಾಗಿ ಮಾರುಕಟ್ಟೆಗೆ ತಂದಿತು. ಮಾರ್ಫೀನಿನಂತೆ ಚಟ ಹತ್ತಿಸುವುದಿಲ್ಲವೆಂದು ಅದನ್ನು ಹೊಗಳಲಾಯಿತು. ಅದರ ವ್ಯಾಪಾರದ ಹೆಸರು ಹೆರಾಯಿನ್! ಚಟವಿಲ್ಲದ ಮದ್ದೆಂದು ಬಂದದ್ದು ಚಟಗಳಿಗೆಲ್ಲ ಹಿರಿಯಣ್ಣನಾಯಿತು. 1913ರ ವೇಳೆಗೆ ಬೇಯರ್ ಕಂಪನಿಯೇ ಅದರ ತಯಾರಿಕೆಯನ್ನು ಕೈಬಿಟ್ಟಿತು.

ಅಲ್ಲಿಯವರೆಗಿನವೆಲ್ಲ ಗಸಗಸೆ ಗಿಡದ ಮಕ್ಕಳು. ಗಿಡದ ಹಂಗಿಲ್ಲದ ಮೊದಲ ನೋವುಮದ್ದು ಆಕಸ್ಮಿಕವಾಗಿ ಹುಟ್ಟಿತು. 1930ರ ದಶಕದ ಕೊನೆಯಲ್ಲಿ ಜರ್ಮನಿಯ ಹೆಕ್ಸ್ಟ್ ಪ್ರಯೋಗಶಾಲೆಯಲ್ಲಿ ಐಸ್ಲೆಬ್ ಎಂಬಾತ ಹೊಟ್ಟೆಯ ಸೆಳೆತಕ್ಕೆ ಮದ್ದು ಹುಡುಕುತ್ತಿದ್ದ. ಅವನು ಮಾಡಿದ ವಸ್ತುವೊಂದನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಬಾಲ ವಿಚಿತ್ರವಾಗಿ ಸೆಟೆದು ನಿಂತಿತು. ಮಾರ್ಫೀನ್ ಕೊಟ್ಟ ಇಲಿಗಳ ಬಾಲವೂ ಹಾಗೆಯೇ ನಿಲ್ಲುತ್ತದೆಂಬುದನ್ನು ಬಲ್ಲ ಶೌಮನ್ ಎಂಬ ಸಹೋದ್ಯೋಗಿ ಅದನ್ನು ಗುರುತಿಸಿದ. ಹೀಗೆ ಬಂದದ್ದು ಪೆಥಿಡಿನ್. ನಮ್ಮ ಆಸ್ಪತ್ರೆಗಳ ಹೆರಿಗೆ ಕೋಣೆಗಳಲ್ಲಿ, ಶಸ್ತ್ರಚಿಕಿತ್ಸೆಯ ಕೋಣೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹೆಸರು ಅದು. ಅದರ ಬೆನ್ನಿಗೇ ಅಲ್ಲಿಯೇ ಮೆಥಡೋನ್ ಹುಟ್ಟಿತು. ಪೆಥಿಡಿನ್ ಕೂಡ ಚಟ ಹತ್ತಿಸದೆಂದೇ ಮೊದಲು ನಂಬಲಾಗಿತ್ತು. ಆ ನಂಬಿಕೆಯೂ ಹೆಚ್ಚು ದಿನ ಬಾಳಲಿಲ್ಲ.

ಪೆಥಿಡಿನ್‌ನ ಅಣುವನ್ನು ಇನ್ನಷ್ಟು ತಿದ್ದಿ ತೀಡಿದವರು ಬೆಲ್ಜಿಯಂ ದೇಶದ ಡಾ. ಪಾಲ್ ಯಾನ್ಸೆನ್. 1953ರಲ್ಲಿ ಸ್ವಂತ ಸಂಶೋಧನಾಲಯ ತೆರೆದ ಈ ಮೇಧಾವಿ 1960ರ ಸುಮಾರಿಗೆ ಫೆಂಟನಿಲ್ ಎಂಬುದನ್ನು ಸೃಷ್ಟಿಸಿದರು. ಅದರ ಬಲ ಮಾರ್ಫೀನಿನ ಸುಮಾರು ನೂರು ಪಟ್ಟು. ಇಂದಿಗೂ ಹೃದಯದ ಶಸ್ತ್ರಚಿಕಿತ್ಸೆಯಂತಹ ದೊಡ್ಡ ಸಂದರ್ಭಗಳಲ್ಲಿ ಅರಿವಳಿಕೆ ತಜ್ಞರು ಫೆಂಟನಿಲ್ಲನ್ನು ನಂಬುತ್ತಾರೆ. ನಮ್ಮಲ್ಲಿ ಅನೇಕರು ಅದರ ಋಣದಲ್ಲಿದ್ದೇವೆ, ಹೆಸರು ತಿಳಿಯದಿದ್ದರೂ. 1974ರಲ್ಲಿ ಅದೇ ಸಂಶೋಧನಾಲಯದಿಂದ ಬಂದ ಕಾರ್ಫೆಂಟನಿಲ್ ಆನೆಯಂತಹ ಪ್ರಾಣಿಗಳನ್ನು ಮಲಗಿಸಲು ಉಪಯೋಗವಾಯಿತು.

ಇಲ್ಲಿ ಸ್ವಲ್ಪ ನಿಂತು ಈ ಮದ್ದುಗಳ ಕೆಲಸದ ಬಗೆಯನ್ನು ನೋಡಬೇಕು. 1973ರಲ್ಲಿ ವಿಜ್ಞಾನಿಗಳು ನಮ್ಮ ಮಿದುಳಿನಲ್ಲಿ ಅಫೀಮಿನ ಕೀಲಿಕೈಗೆ ಹೊಂದುವ ಬೀಗಗಳಿವೆಯೆಂದು ತೋರಿಸಿಕೊಟ್ಟರು. 1975ರಲ್ಲಿ ದೇಹವೇ ತಯಾರಿಸಿಕೊಳ್ಳುವ ಅದರ ಸಹಜ ಕೀಲಿಕೈಗಳೂ ಸಿಕ್ಕವು. ಹೆಣ್ಣುಮಕ್ಕಳು ಹೆರಿಗೆಯ ನೋವನ್ನು ಸಹಿಸುವುದರಲ್ಲಿ, ಪೆಟ್ಟು ತಿಂದ ಕೂಡಲೇ ಕೆಲವೊಮ್ಮೆ ನೋವೇ ತಿಳಿಯದಿರುವುದರಲ್ಲಿ ಇವುಗಳ ಪಾಲಿದೆ. ಮಾರ್ಫೀನ್, ಹೆರಾಯಿನ್, ಪೆಥಿಡಿನ್, ಫೆಂಟನಿಲ್ ಎಲ್ಲವೂ ತೆರೆಯುವುದು ಅದೇ ಬೀಗವನ್ನು. ನೋವು ತಗ್ಗುವುದು, ಮನಸ್ಸಿಗೆ ಸುಖವೆನಿಸುವುದು, ಉಸಿರಾಟ ನಿಧಾನವಾಗುವುದು, ಈ ಮೂರೂ ಒಂದೇ ಬಾಗಿಲಿನಿಂದ ಒಳಬರುತ್ತವೆ. ಸುಖಕ್ಕೆ ಮನಸ್ಸು ಬೇಗ ಒಗ್ಗಿಹೋಗಿ ಇನ್ನಷ್ಟು ಬೇಕೆನ್ನುತ್ತದೆ. ಉಸಿರಾಟದ ಕೇಂದ್ರ ಅಷ್ಟು ಬೇಗ ಒಗ್ಗುವುದಿಲ್ಲ. ಅತಿಯಾಗಿ ಸೇವಿಸಿದವರು ಸಾಯುವುದು ಉಸಿರಾಡುವುದನ್ನೇ ದೇಹ ಮರೆತುಬಿಡುವುದರಿಂದ. ಚಟವಿಲ್ಲದ ನೋವುಮದ್ದಿನ ಬೇಟೆ ಪ್ರತಿ ಸಲವೂ ಏಕೆ ಸೋತಿತೆಂಬುದಕ್ಕೆ ಇದೇ ಉತ್ತರ.

ಇನ್ನು 'ಡಿಸೈನರ್ ಡ್ರಗ್' ಎಂಬ ಹೆಸರಿನ ಹುಟ್ಟು. "ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ" ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಮಾದಕವಸ್ತುಗಳ ಕಾನೂನು ಎಂದರೆ ಬಹುಪಾಲು ಒಂದು ಪಟ್ಟಿ. ಪಟ್ಟಿಯಲ್ಲಿ ಹೆಸರಿರುವ ವಸ್ತು ಅಪರಾಧ, ಹೆಸರಿಲ್ಲದ್ದು ಅಪರಾಧವಲ್ಲ. 1979ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 'ಚೀನಾದ ಬಿಳಿ ಹೆರಾಯಿನ್' ಎಂದು ಮಾರಲ್ಪಟ್ಟ ಪುಡಿಯನ್ನು ತೆಗೆದುಕೊಂಡವರು ಸತ್ತರು. ಪರೀಕ್ಷಿಸಿದರೆ ಅದು ಹೆರಾಯಿನ್ ಆಗಿರಲಿಲ್ಲ, ಫೆಂಟನಿಲ್ ಕೂಡ ಆಗಿರಲಿಲ್ಲ. ಫೆಂಟನಿಲ್ಲಿನ ಅಣುವಿಗೆ ಒಂದು ಸಣ್ಣ ಬಾಲ ಅಂಟಿಸಿ ಮಾಡಿದ ಹೊಸ ವಸ್ತು. ಅದರ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಸರ್ಕಾರ ಅದನ್ನು ಪಟ್ಟಿಗೆ ಸೇರಿಸುವಷ್ಟರಲ್ಲಿ ಇನ್ನೊಂದು ಬಾಲ, ಇನ್ನೊಂದು ಹೆಸರು. ಬಟ್ಟೆಯ ವಿನ್ಯಾಸಕಾರರು ಋತುವಿಗೊಂದು ಹೊಸ ಉಡುಪು ತರುವಂತೆ ಕಳ್ಳ ರಸಾಯನಕಾರರು ಕಾನೂನಿನ ಅಳತೆ ನೋಡಿ ವಿಷವನ್ನು ಹೊಲಿಯತೊಡಗಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಯಾರಿ ಹೆಂಡರ್ಸನ್ ಎಂಬ ಔಷಧಶಾಸ್ತ್ರಜ್ಞರು ಇವಕ್ಕೆ 'ಡಿಸೈನರ್ ಡ್ರಗ್' ಎಂಬ ಹೆಸರನ್ನು ಬಳಕೆಗೆ ತಂದರು.

1982ರಲ್ಲಿ ಅದೇ ಸೀಮೆಯಲ್ಲಿ ನಡೆದದ್ದು ಇನ್ನೂ ಘೋರ. ಪೆಥಿಡಿನ್‌ಗೆ ಹತ್ತಿರದ ಸಂಬಂಧಿಯೊಂದನ್ನು ಯಾರೋ ಗುಟ್ಟಾಗಿ ತಯಾರಿಸಿ ಮಾರಿದರು. ತಯಾರಿಕೆಯಲ್ಲಿ ಎಡವಿದ್ದರಿಂದ ಬೇರೊಂದು ವಿಷ ಅದರಲ್ಲಿ ಸೇರಿಕೊಂಡಿತ್ತು. ಅದನ್ನು ಚುಚ್ಚಿಕೊಂಡ ತರುಣರು ಕಲ್ಲಿನ ಗೊಂಬೆಗಳಂತೆ ಮರಗಟ್ಟಿಹೋದರು. ಮಾತಿಲ್ಲ, ಅಲುಗಾಟವಿಲ್ಲ, ಒಳಗೆ ಬುದ್ಧಿ ಮಾತ್ರ ಎಚ್ಚರವಾಗಿದೆ. ಮುಪ್ಪಿನಲ್ಲಿ ಬರುವ ಪಾರ್ಕಿನ್ಸನ್ ಕಾಯಿಲೆಯ ಕೊನೆಯ ಘಟ್ಟ ಕೆಲವೇ ದಿನಗಳಲ್ಲಿ ಅವರನ್ನು ಹಿಡಿದಿತ್ತು. ಇದನ್ನು ಪತ್ತೆಹಚ್ಚಿದ ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಅವರ ಕೆಲಸದಿಂದ ಪಾರ್ಕಿನ್ಸನ್ ರೋಗದ ಸಂಶೋಧನೆಗೆ ಮಹದುಪಕಾರವಾಯಿತೆಂಬುದು ನಿಜ. ಆದರೆ ಆ ತರುಣರು ತೆತ್ತ ಬೆಲೆ ಕಡಿಮೆಯದಲ್ಲ. 1986ರಲ್ಲಿ ಅಮೆರಿಕ ಸರ್ಕಾರ ಪಟ್ಟಿಯ ವಸ್ತುವಿಗೆ ಹೋಲುವ ವಸ್ತುಗಳನ್ನೂ ಅಪರಾಧವೆಂದು ಪರಿಗಣಿಸುವ ಕಾನೂನು ಮಾಡಿತು. ಅಷ್ಟಾದರೂ ಆಟ ನಿಲ್ಲಲಿಲ್ಲ. 1996ರಲ್ಲಿ ಅಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಬಂತು. ನಿಧಾನವಾಗಿ ಕರಗುವುದರಿಂದ ಚಟದ ಭಯ ಕಡಿಮೆಯೆಂದು ಕಂಪನಿ ವೈದ್ಯರನ್ನು ನಂಬಿಸಿತು. ಹೆರಾಯಿನ್ ಬಂದು ಸುಮಾರು ನೂರು ವರ್ಷಗಳ ನಂತರ ಅದೇ ಮಾತು! ಮುಂದೆ ಆ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಮಾತ್ರೆ ಸಿಗದಾದಾಗ ಜನ ಹೆರಾಯಿನ್‌ಗೆ ಹೋದರು. ಹೆರಾಯಿನ್ನಿನ ಜಾಗಕ್ಕೆ ಕಳ್ಳ ಫೆಂಟನಿಲ್ ಬಂತು. 2022ರಲ್ಲಿ ಆ ದೇಶದಲ್ಲಿ ಮಾದಕವಸ್ತುಗಳ ಅತಿಸೇವನೆಯಿಂದ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಅದರಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕಿದವರ ಸಾವಿನಲ್ಲಿ ಫೆಂಟನಿಲ್ ವರ್ಗದ ಕೈವಾಡವಿತ್ತು. 2019ರಲ್ಲಿ ಚೀನಾ ದೇಶ ಇಡೀ ಫೆಂಟನಿಲ್ ವರ್ಗವನ್ನೇ ನಿಯಂತ್ರಣಕ್ಕೆ ತಂದಿತು. ಅದೇ ವರ್ಷದ ಸುಮಾರಿಗೆ 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದು ಮಾಡಿ, ಅಪಾಯಕಾರಿಯೆಂದು ಮೂಲೆಗೆಸೆದಿದ್ದ ನಿಟಜೀನ್ ಎಂಬ ಹಳೆಯ ವರ್ಗಕ್ಕೆ ಸೇರಿದ ವಸ್ತುಗಳು ಬೀದಿಗೆ ಬಂದವು. ಚಾಪೆ ಎತ್ತಿದರೆ ರಂಗೋಲಿ ಇದ್ದೇ ಇದೆ.

ಇದೆಲ್ಲ ದೂರದ ಮಾತೆಂದು ಸುಮ್ಮನಾಗುವಂತಿಲ್ಲ. ನಮ್ಮ ದೇಶದಲ್ಲಿ ಇದೇ ಕಥೆ ಮೆಡಿಕಲ್ ಸ್ಟೋರಿನ ಗಾಜಿನ ಬೀರುವಿನೊಳಗೆ ನಡೆಯಿತು. ಸ್ಪಾಸ್ಮೋ ಪ್ರಾಕ್ಸಿವಾನ್ ಎಂಬ ನೀಲಿ ಗುಳಿಗೆ ಹಳೆಯ ತಲೆಮಾರಿನವರಿಗೆ ನೆನಪಿರಬಹುದು. ಹೊಟ್ಟೆ ಹಿಡಿದುಕೊಂಡರೆ, ಮುಟ್ಟಿನ ನೋವಾದರೆ ಅಂಗಡಿಯಿಂದ ತಂದು ನುಂಗುತ್ತಿದ್ದದ್ದು. ಅದರಲ್ಲಿದ್ದ ಡೆಕ್ಸ್ಟ್ರೊಪ್ರಾಪಾಕ್ಸಿಫಿನ್ ಕೃತಕ ಅಫೀಮಿನ ವರ್ಗಕ್ಕೆ ಸೇರಿದ್ದೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಮಿಜೋರಾಂ, ಮಣಿಪುರ, ನಾಗಾಲ್ಯಾಂಡ್‌ಗಳಲ್ಲಿ ತರುಣರು ಆ ಗುಳಿಗೆಯನ್ನು ಒಡೆದು ಪುಡಿಯನ್ನು ನರಕ್ಕೆ ಚುಚ್ಚಿಕೊಂಡರು. ನೀರಿನಲ್ಲಿ ಸರಿಯಾಗಿ ಕರಗದ ಆ ಪುಡಿ ರಕ್ತನಾಳವನ್ನು ಕಟ್ಟಿ, ಕೀವು ತುಂಬಿ, ಎಷ್ಟೋ ಜನ ಕೈಕಾಲು ಕತ್ತರಿಸಿಕೊಳ್ಳಬೇಕಾಯಿತು. 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆ ಔಷಧದ ಮಾರಾಟವನ್ನು ತಡೆಯಿತು.

ಆ ಜಾಗ ತುಂಬಿದ್ದು ಟ್ರಮಡಾಲ್. 1962ರಲ್ಲಿ ಜರ್ಮನಿಯ ಗ್ರುನೆಂಥಾಲ್ ಕಂಪನಿಯಲ್ಲಿ ಹುಟ್ಟಿ, 1977ರಲ್ಲಿ ಮಾರುಕಟ್ಟೆಗೆ ಬಂದ ಈ ಮದ್ದು ಸೌಮ್ಯವಾದದ್ದೆಂದು ಹೆಸರಾಗಿತ್ತು. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ನಮ್ಮ ದೇಶದ ಕಾರ್ಖಾನೆಗಳು ಕೋಟಿಗಟ್ಟಲೆ ಮಾತ್ರೆ ತಯಾರಿಸಿ ಆಫ್ರಿಕಾ ಖಂಡಕ್ಕೆ ಕಳುಹಿಸಿದವು. 2017ರ ಮೇ ತಿಂಗಳಲ್ಲಿ ಇಟಲಿಯ ಜಿನೋವಾ ಬಂದರಿನಲ್ಲಿ, ಭಾರತದಿಂದ ಲಿಬಿಯಾಕ್ಕೆ ಹೊರಟಿದ್ದ ಸುಮಾರು 3.7 ಕೋಟಿ ಟ್ರಮಡಾಲ್ ಮಾತ್ರೆಗಳು ಸಿಕ್ಕಿಬಿದ್ದವು. 2018ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಆಗ ಸೇರದೆ ಉಳಿದದ್ದು ಅದರ ತಮ್ಮ ಟಪೆಂಟಡಾಲ್. ಇದೂ ಅದೇ ಗ್ರುನೆಂಥಾಲ್ ಕಂಪನಿಯ ಕೂಸು. ಅಮೆರಿಕದಲ್ಲಿ 2008ರಲ್ಲಿ ಅನುಮತಿ ಪಡೆದದ್ದು, ಟ್ರಮಡಾಲಿಗಿಂತ ಬಲವಾದದ್ದು. 2020ರಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಟಪೆಂಟಡಾಲ್ ಚಟಕ್ಕೆ ಬಿದ್ದವರ ಕುರಿತು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. 2025ರ ಫೆಬ್ರವರಿಯಲ್ಲಿ ಬಿಬಿಸಿ ಮಾಡಿದ ವರದಿ ಮುಂಬಯಿಯ ಕಂಪನಿಯೊಂದು ಟಪೆಂಟಡಾಲ್‌ಗೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಎಂಬುದನ್ನು ಬೆರೆಸಿ ಘಾನಾ, ನೈಜೀರಿಯಾ ಮೊದಲಾದ ದೇಶಗಳಿಗೆ ಕಳುಹಿಸುತ್ತಿದ್ದುದನ್ನು ಬಯಲಿಗೆಳೆಯಿತು. ಕೂಡಲೇ ಆ ಜೋಡಿಯ ತಯಾರಿಕೆ ಮತ್ತು ರಫ್ತಿನ ಅನುಮತಿಗಳನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅಫೀಮು ಯುದ್ಧದ ಪಾಠ. ಅಂದು ನಮ್ಮ ನೆಲದ ಅಫೀಮನ್ನು ಚೀನಾಕ್ಕೆ ಒಯ್ದವರು ಪರಕೀಯರು. ಇಂದು ಆಫ್ರಿಕಾದ ಬಡಹುಡುಗರ ಬಾಯಿಗೆ ಮಾತ್ರೆ ಹಾಕಿದವರು ನಮ್ಮವರೇ.

ಟಪೆಂಟಡಾಲ್ ಮೊದಲಿಗೆ ಸಂತೆಯಲ್ಲಿ ಮಾರುವ ವಿಷವಲ್ಲ. ವೈದ್ಯರು ನಿಜವಾದ ನೋವಿಗೆ ಬರೆದುಕೊಡುವ ಔಷಧ. ಅದು ದಾರಿ ತಪ್ಪುವುದು ಅಂಗಡಿಯ ಕಟ್ಟೆಯ ಮೇಲೆ. ತೆಂಗಿನ ಸೀಮೆಯ ಕೆಲಸ ಮೈ ಮುರಿಯುವ ಕೆಲಸ. ದಿನಕ್ಕೆ ಹತ್ತಾರು ಮರ ಹತ್ತಿ ಕಾಯಿ ಕೀಳುವವರ ಸೊಂಟ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಬಗ್ಗಿ ಬಗ್ಗಿ ಕಾಯಿ ಸುಲಿಯುವವರ ಭುಜ, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವರ ಬೆನ್ನು, ಇವಕ್ಕೆಲ್ಲ ಸಂಜೆಯ ಹೊತ್ತು ಒಂದು ಮಾತ್ರೆ ಬೇಕು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರೂ ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಇವರು ಆಸ್ಪತ್ರೆಗೆ ಹೋಗುವುದಿಲ್ಲ. ಹೋದರೆ ಒಂದು ದಿನದ ಕೂಲಿ ಹೋಯಿತು. "ಮೈಕೈ ನೋವಿಗೆ ಒಂದು ಜೋರಾಗಿರೋದು ಕೊಡಿ" ಎಂದು ಅಂಗಡಿಗೆ ಹೋಗುತ್ತಾರೆ. ಔಷಧದಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಈ ಕುರಿತು ಕೇಳಿದೆ. "ಮೇಷ್ಟ್ರೇ, ನಾನು ಚೀಟಿ ಇಲ್ದೆ ಕೊಡಲ್ಲ ಅಂತೀನಿ. ಬೈಕೊಂಡು ಬೇರೆ ಅಂಗಡಿಗೆ ಹೋಗ್ತಾರೆ. ದಿನಾ ಒಂದೇ ಮಾತ್ರೆ ಕೇಳ್ಕೊಂಡು ಬರೋರ ಮುಖ ನೋಡಿದ್ರೇ ಗೊತ್ತಾಗ್ತದೆ, ಇದು ನೋವಲ್ಲ ಅಂತ" ಎಂದ. ಕಾನೂನಿನ ಪುಸ್ತಕದಲ್ಲಿ ಚೀಟಿಯ ನಿಯಮ ದಶಕಗಳಿಂದ ಇದೆ. ಅದನ್ನು ಪಾಲಿಸುವವನಿಗೆ ವ್ಯಾಪಾರ ಹೋಗುತ್ತದೆ, ಪಾಲಿಸದವನಿಗೆ ಬರುತ್ತದೆ ಎಂಬ ಸ್ಥಿತಿ ಇರುವವರೆಗೆ ನಿಯಮ ಪುಸ್ತಕದಲ್ಲಿಯೇ ಉಳಿಯುತ್ತದೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಫೀಮು ವರ್ಗದ ವಸ್ತುಗಳನ್ನು ಬಳಸುವವರು ಸುಮಾರು 2.26 ಕೋಟಿ, ಅದರಲ್ಲಿ ಸುಮಾರು 77 ಲಕ್ಷ ಜನಕ್ಕೆ ಚಿಕಿತ್ಸೆಯ ನೆರವು ಬೇಕು. ಔಷಧದಂಗಡಿಯ ಮಾತ್ರೆಗಳನ್ನು ಹೀಗೆ ಬಳಸುವವರ ಪ್ರಮಾಣ ಗಿಡದ ಅಫೀಮನ್ನು ಬಳಸುವವರಿಗಿಂತ ಹೆಚ್ಚು ಎಂಬುದನ್ನೂ ಆ ಸಮೀಕ್ಷೆ ತೋರಿಸಿತು.

ಇಷ್ಟು ಓದಿದವರು "ಹಾಗಾದರೆ ಈ ಮದ್ದುಗಳನ್ನೆಲ್ಲ ಒಟ್ಟಿಗೆ ನಿಷೇಧಿಸಿಬಿಡಬಾರದೇಕೆ?" ಎಂದು ಕೇಳಬಹುದು. ಈ ಲೇಖನ ಬರೆಯಲು ನಿಜವಾದ ಕಾರಣ ಆ ಪ್ರಶ್ನೆಯೇ. ನಮ್ಮ ದೇಶ ಹೆಚ್ಚುಕಡಿಮೆ ಅದನ್ನೇ ಒಮ್ಮೆ ಮಾಡಿ ನೋಡಿದೆ.

1985ರ ನವೆಂಬರ್‌ನಲ್ಲಿ ಮಾದಕವಸ್ತು ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ ಜಾರಿಗೆ ಬಂತು. ಕಳ್ಳಸಾಗಣೆಗಾರರನ್ನು ಹಿಡಿಯುವುದು ಅದರ ಉದ್ದೇಶ. ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸದಂತಹ ಕಠಿಣ ಶಿಕ್ಷೆ ಅದರಲ್ಲಿತ್ತು. ಆದರೆ ಮಾರ್ಫೀನ್ ಇಟ್ಟುಕೊಳ್ಳುವ ಆಸ್ಪತ್ರೆಯೂ ಅದೇ ಬಲೆಯೊಳಗೆ ಬಂತು. ಕೊಳ್ಳಲೊಂದು, ಸಾಗಿಸಲೊಂದು, ಇಟ್ಟುಕೊಳ್ಳಲೊಂದು ಎಂದು ಹಲವು ಪರವಾನಗಿಗಳು, ಹಲವು ಇಲಾಖೆಗಳು. ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಸೆರೆಮನೆಯ ಭಯ. ಆಸ್ಪತ್ರೆಗಳು, ಅಂಗಡಿಗಳು ಮಾರ್ಫೀನಿನ ಸಹವಾಸವೇ ಬೇಡವೆಂದು ಕೈತೊಳೆದುಕೊಂಡವು. ಅದಕ್ಕೆ ಮೊದಲು ವರ್ಷಕ್ಕೆ ನೂರಾರು ಕಿಲೋ ಮಾರ್ಫೀನ್ ರೋಗಿಗಳಿಗೆ ಬಳಕೆಯಾಗುತ್ತಿದ್ದ ದೇಶದಲ್ಲಿ 1997ರ ವೇಳೆಗೆ ಆ ಪ್ರಮಾಣ ಕೇವಲ 18 ಕಿಲೋಗೆ ಇಳಿಯಿತು. ಕಾಯ್ದೆಬದ್ಧವಾಗಿ ಅಫೀಮು ಬೆಳೆದು, ಔಷಧ ತಯಾರಿಕೆಗೆ ಹೊರದೇಶಗಳಿಗೆ ಕಳುಹಿಸುವ ದೇಶ ನಮ್ಮದು ಎಂಬುದನ್ನು ಮರೆಯಬಾರದು. ಗಾಜೀಪುರ, ನೀಮಚ್‌ಗಳಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ನಮ್ಮ ಅಫೀಮು ಹೊರದೇಶದ ರೋಗಿಗಳ ನೋವನ್ನು ಕಳೆಯಿತು. ನಮ್ಮ ರೋಗಿಗಳು ಹಲ್ಲು ಕಚ್ಚಿಕೊಂಡರು.

ಆ 18 ಕಿಲೋ ಎಂಬ ಅಂಕಿಯನ್ನು ನಾನು ಬಹಳ ವರ್ಷಗಳ ನಂತರ ಓದಿದೆ. ಓದಿದಾಗ ಅದು ನನಗೆ ಬರಿಯ ಅಂಕಿಯಾಗಿ ಕಾಣಲಿಲ್ಲ. 1996ರಲ್ಲಿ ನನ್ನ ದೊಡ್ಡಪ್ಪನವರು ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು. ಹೊಗೆಸೊಪ್ಪು ಅವರ ಜೀವಮಾನದ ಒಡನಾಡಿ. ಬೆಂಗಳೂರಿನಲ್ಲಿ ಕರೆಂಟು ಕೊಡಿಸಿ, ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳುಹಿಸಿದ್ದರು. ಕೊನೆಯ ಮೂರು ತಿಂಗಳು ಅವರು ಪಡಸಾಲೆಯ ಮಂಚದ ಮೇಲೆ ಕಳೆದರು. ಮಾತು ನಿಂತಿತ್ತು. ನೋವು ಬಂದಾಗ ಹತ್ತಿರ ಇದ್ದವರ ಕೈಯನ್ನು ಹಿಡಿದು ಹಿಸುಕುತ್ತಿದ್ದರು. ಎಂಭತ್ತು ಕಾಯಿಯ ಗೊನೆಗಳನ್ನು ಹಗ್ಗಕಟ್ಟಿ ಇಳಿಸಿದ್ದ ಕೈ ಅದು. ರಾತ್ರಿ ಅವರ ನರಳಾಟ ಬೀದಿಯ ಕೊನೆಯ ಮನೆಗೆ ಕೇಳುತ್ತಿತ್ತು. ನಮ್ಮನ್ನು ನೋಡುತ್ತಿದ್ದ ವೈದ್ಯರು ಒಳ್ಳೆಯವರು. ಪ್ಯಾರಾಸಿಟಮಾಲ್ ಮುಗಿದು, ಅದಕ್ಕೆ ಮೇಲಿನದು ಮುಗಿದು, ಒಂದು ದಿನ ಹೊರಗೆ ಕರೆದು ಹೇಳಿದರು: "ಇವರಿಗೆ ಬೇಕಾಗಿರೋದು ಮಾರ್ಫೀನ್ ಮೇಷ್ಟ್ರೇ. ಅದನ್ನ ಇಟ್ಕೊಳ್ಳೋಕೆ ನನಗೆ ಲೈಸೆನ್ಸ್ ಇಲ್ಲ. ಇರೋರು ಹತ್ತಿರದಲ್ಲಿ ಯಾರೂ ಇಲ್ಲ." ದೊಡ್ಡಮ್ಮ ಒಳಗಿನಿಂದ ಬಂದು "ಡಾಕ್ಟ್ರು ಏನಂದ್ರಪ್ಪ?" ಎಂದು ಕೇಳಿದರು. ನಾನು "ನಾಳೆ ಬೇರೆ ಮಾತ್ರೆ ತರ್ತಾರಂತೆ ದೊಡ್ಡಮ್ಮ" ಎಂದೆ. ಆ ಮಾತ್ರೆ ಬರಲೇ ಇಲ್ಲ. ಮಾರ್ಫೀನ್ ಮಾತ್ರೆಯ ಬೆಲೆ ಕೆಲವೇ ರೂಪಾಯಿ.

ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಮದ್ದು ಕೊಡುವ ಕ್ರಮವನ್ನು 1986ರಲ್ಲಿಯೇ ಪ್ರಕಟಿಸಿತ್ತು. ಮೂರನೆಯ ಮೆಟ್ಟಿಲಿನಲ್ಲಿ ಮಾರ್ಫೀನ್ ಇತ್ತು. ನಮ್ಮ ಹಳ್ಳಿಗಳಲ್ಲಿ ಎರಡನೆಯ ಮೆಟ್ಟಿಲಾದ ಮೇಲೆ ಗೋಡೆ. ಆ ಗೋಡೆಗೆ ಬಾಗಿಲು ತೆರೆಯಲು ದುಡಿದವರಲ್ಲಿ ನೆರೆಯ ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅವರನ್ನು ಮುಖ್ಯವಾಗಿ ಸ್ಮರಿಸಬೇಕು. 1993ರಲ್ಲಿ ಕ್ಯಾಲಿಕಟ್‌ನಲ್ಲಿ ಆರಂಭವಾದ ಉಪಶಾಮಕ ಚಿಕಿತ್ಸಾ ಸಂಘದ ಸ್ಥಾಪಕರಲ್ಲಿ ಅವರೊಬ್ಬರು. ಮಾರ್ಫೀನನ್ನು ಸರಿಯಾದ ಲೆಕ್ಕದಿಂದ, ಬಾಯಿಯ ಮೂಲಕ, ಮನೆಯಲ್ಲಿಯೇ ಕೊಟ್ಟರೆ ರೋಗಿ ನೆಮ್ಮದಿಯಿಂದ ಇರಬಲ್ಲನೆಂದೂ, ಆ ಮದ್ದು ಕಳ್ಳರ ಕೈ ಸೇರುವುದಿಲ್ಲವೆಂದೂ ಅವರು ಕೆಲಸ ಮಾಡಿ ತೋರಿಸಿದರು. ನಮ್ಮ ರಾಜ್ಯದಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬಡ ರೋಗಿಗಳ ಆಸರೆಯಾಗಿದೆ. ಬೆಂಗಳೂರಿನ ಮಾರತ್‌ಹಳ್ಳಿಯ ಬಳಿ 1999ರಿಂದ ನಡೆಯುತ್ತಿರುವ ಕರುಣಾಶ್ರಯ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಕೊನೆಯವರೆಗೆ ನೋಡಿಕೊಳ್ಳುತ್ತದೆ. 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಮಾರ್ಫೀನ್, ಫೆಂಟನಿಲ್, ಮೆಥಡೋನ್ ಸೇರಿದಂತೆ ಆರು ಔಷಧಗಳನ್ನು ಮುಂದೆ 'ಅಗತ್ಯ ಮಾದಕ ಔಷಧ' ಎಂದು ಗುರುತಿಸಿ, ಹಲವು ಪರವಾನಗಿಗಳ ಬದಲು ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಸಾಕೆಂದು ನಿಯಮ ಮಾಡಲಾಯಿತು.

ಫೆಂಟನಿಲ್ಲಿನ ಹೆಸರು ಈ ಪಟ್ಟಿಯಲ್ಲಿರುವುದನ್ನು ಗಮನಿಸಿ. ಅಮೆರಿಕದ ಬೀದಿಯಲ್ಲಿ ಲಕ್ಷಾಂತರ ಜೀವ ತೆಗೆದ ಅದೇ ಫೆಂಟನಿಲ್, ನುಂಗಲಾರದ ಕ್ಯಾನ್ಸರ್ ರೋಗಿಯ ಚರ್ಮದ ಮೇಲೆ ಪಟ್ಟಿಯಾಗಿ ಅಂಟಿಸಿದರೆ ಮೂರು ದಿನ ನೆಮ್ಮದಿ ಕೊಡುತ್ತದೆ. ವಸ್ತು ಒಂದೇ. ಯಾರ ಕೈಯಿಂದ, ಯಾವ ಅಳತೆಯಲ್ಲಿ, ಯಾರ ಕಣ್ಣೆದುರಿನಲ್ಲಿ ಎಂಬುದರ ಮೇಲೆ ಅದು ಅಮೃತವೋ ವಿಷವೋ ಆಗುತ್ತದೆ. ನಮ್ಮಲ್ಲಿ ಈ ಮೂರೂ ತಲೆಕೆಳಗಾಗಿವೆ. ಮಾರ್ಫೀನ್ ಬೇಕಾದ ಮುದುಕನಿಗೆ ಜಿಲ್ಲೆಯಲ್ಲೆಲ್ಲ ಹುಡುಕಬೇಕು. ಟಪೆಂಟಡಾಲ್ ಬೇಡವಾದ ಹುಡುಗನಿಗೆ ಬಸ್‌ಸ್ಟ್ಯಾಂಡಿನ ಎದುರೇ ಸಿಗುತ್ತದೆ. ಒಂದು ಕಡೆ ಅತಿಯಾದ ಭಯ, ಇನ್ನೊಂದು ಕಡೆ ಅತಿಯಾದ ಸಡಿಲ. ಕಾನೂನು ಬಿಗಿ ಮಾಡುವಾಗ ಬಿಗಿಯಾಗುವುದು ಮೊದಲು ರೋಗಿಯ ಕೊರಳು. ಕಳ್ಳ ಅಷ್ಟರಲ್ಲಿ ರಂಗೋಲಿಯ ಕೆಳಗಿರುತ್ತಾನೆ. ಟಪೆಂಟಡಾಲನ್ನು ಬಿಗಿಗೊಳಿಸುವಾಗಲೂ 1985ರ ಪಾಠವನ್ನು ನೆನಪಿನಲ್ಲಿಡಬೇಕೆಂದು ನನ್ನ ವಿನಂತಿ.

ಮನೆಮಂದಿಗೆ ಉಪಯೋಗವಾಗಬಹುದಾದ ಕೆಲವು ಮಾತು. ಸೊಂಟನೋವಿಗೆ, ಮಂಡಿನೋವಿಗೆ ಅಂಗಡಿಯವರನ್ನು 'ಜೋರಾಗಿರೋದು' ಕೇಳಬೇಡಿ. ಮಾತ್ರೆಯ ಹಾಳೆಯ ಮೇಲೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿ ಬೇಕಾದ ಔಷಧ. ಈ ಬಗೆಯ ಮಾತ್ರೆಯನ್ನು ಮದ್ಯದೊಡನೆಯಾಗಲಿ ನಿದ್ರೆಮಾತ್ರೆಯೊಡನೆಯಾಗಲಿ ಸೇರಿಸುವುದು ಉಸಿರಿಗೇ ಕುತ್ತು. ಯಾರಾದರೂ ಎಬ್ಬಿಸಿದರೂ ಏಳದೆ, ಉಸಿರು ತೀರ ನಿಧಾನವಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಮರ್ಯಾದೆಯ ಯೋಚನೆ ಬಿಟ್ಟು 108ಕ್ಕೆ ಕರೆಮಾಡಿ. ನಾಲಾಕ್ಸೋನ್ ಎಂಬ ಮದ್ದನ್ನು ಸಕಾಲದಲ್ಲಿ ಕೊಟ್ಟರೆ ಹೋಗುತ್ತಿರುವ ಉಸಿರು ಮರಳುತ್ತದೆ. ಆಗ ವೈದ್ಯರಿಗೆ ಏನು ತೆಗೆದುಕೊಂಡಿದ್ದರೆಂದು ನಿಜ ಹೇಳಬೇಕು. ಚಟಕ್ಕೆ ಸಿಕ್ಕ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಬಡಿಯುವುದರಿಂದ ಪ್ರಯೋಜನವಿಲ್ಲ. ಅದು ಮಿದುಳಿನ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. 14446 ಎಂಬುದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ; 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಹಾಗೆಯೇ ಮನೆಯಲ್ಲಿ ಕ್ಯಾನ್ಸರ್ ರೋಗಿಯಿದ್ದು, ವೈದ್ಯರು ಮಾರ್ಫೀನ್ ಬರೆದರೆ "ಅಯ್ಯೋ, ಅಫೀಮು ಕೊಟ್ಟು ಸಾಯಿಸ್ತಾರೆ" ಎಂದು ಹೆದರಬೇಡಿ. ಮದ್ದು ಹತ್ತಿರದಲ್ಲಿ ಸಿಗದಿದ್ದರೆ ಎಲ್ಲಿ ಸಿಗುತ್ತದೆಂದು ಕೇಳಿ, ಬರೆಸಿಕೊಳ್ಳಿ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಮ್ಮ ತಾಲ್ಲೂಕುಗಳಲ್ಲಿ ಹೀಗೆ ಕೇಳುವವರ ಸಂಖ್ಯೆ ಹೆಚ್ಚಿದಷ್ಟೂ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವ ಮನಸ್ಸು ಮಾಡುತ್ತವೆ. ನೋವಿಲ್ಲದೆ ಸಾಯುವುದು ಶ್ರೀಮಂತರ ಹಕ್ಕಷ್ಟೇ ಆಗಬಾರದು.